ದೂರವಾಣಿಯ ಗಣಿತಜ್ಞ ಎರ್ಲಾಂಗ್

ಮಾನವನು ನಿರ್ಮಿಸಿಕೊಂಡ ದಾರಿಗಳಲ್ಲಿ ಕಣ್ಣಿಗೆ ಕಾಣುವವು ಕೆಲವು, ಕಾಣದವು ಕೆಲವು. ರಸ್ತೆ, ರೈಲುಹಾದಿ, ಕಾಲುವೆಗಳು ಕಣ್ಣಿಗೆ ಕಾಣುತ್ತವೆ. ಮಾತು, ಚಿತ್ರ, ಸುದ್ದಿಗಳು ಊರಿನಿಂದ ಊರಿಗೆ ಹರಿಯುವ ತಂತಿಯ ಹಾಗೂ ತರಂಗಗಳ ದಾರಿಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಈ ಎರಡು ಬಗೆಯ ದಾರಿಗಳಿಗೂ ಇರುವ ಕಷ್ಟ ಒಂದೇ. ದಾರಿ ಕಿರಿದಾದರೆ ಜನರು ನಿಂತು ಕಾಯಬೇಕಾಗುತ್ತದೆ; ಅಗತ್ಯಕ್ಕಿಂತ ಅಗಲವಾದರೆ ಹಣ ಪೋಲಾಗುತ್ತದೆ. ಹಾಗಾದರೆ ದಾರಿ ಎಷ್ಟು ಅಗಲವಾಗಿರಬೇಕು? ಯಾರು ಯಾವಾಗ ಬರುವರೆಂಬುದನ್ನು ಮೊದಲೇ ತಿಳಿಯಲಾಗದಿರುವಾಗ ಇದನ್ನು ನಿರ್ಧರಿಸುವುದು ಹೇಗೆ? ದೂರವಾಣಿಯ ದಾರಿಗಳ ವಿಷಯದಲ್ಲಿ ಈ ಪ್ರಶ್ನೆಗೆ ಗಣಿತದ ಬಲದಿಂದ ಉತ್ತರ ಕಂಡುಹಿಡಿದವನು ಡೆನ್ಮಾರ್ಕ್ ದೇಶದ ಅಗ್ನರ್ ಕ್ರಾರುಪ್ ಎರ್ಲಾಂಗ್. ಅವನು ತೀರಿಕೊಂಡು ತೊಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದೆ. ಆದರೂ ಮೊಬೈಲ್ ದೂರವಾಣಿಯ ಜಾಲವನ್ನು ರೂಪಿಸುವ ಇಂಜಿನಿಯರುಗಳು ಇಂದಿಗೂ ಅವನ ಹೆಸರನ್ನು ಬಳಸುತ್ತಾರೆ.

ಎರ್ಲಾಂಗ್ 1878ನೆಯ ಇಸವಿ ಜನವರಿ 1ರಂದು ಡೆನ್ಮಾರ್ಕಿನ ಜಟ್ಲೆಂಡ್ ಪ್ರಾಂತದ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ ಜನಿಸಿದನು. ಅಲೆಗ್ಸಾಂಡರ್ ಗ್ರಹಾಂ ಬೆಲ್ ದೂರವಾಣಿಗೆ ಏಕಸ್ವಾಮ್ಯ ಪತ್ರ ಪಡೆದು ಆಗ ಎರಡು ವರ್ಷಗಳೂ ತುಂಬಿರಲಿಲ್ಲ. ಅದೇ ಜನವರಿ ತಿಂಗಳ 28ರಂದು ಅಮೆರಿಕದ ನ್ಯೂ ಹೇವನ್ ನಗರದಲ್ಲಿ ವ್ಯಾಪಾರೋದ್ದೇಶದ ಪ್ರಥಮ ದೂರವಾಣಿ ವಿನಿಮಯ ಕೇಂದ್ರವು ಇಪ್ಪತ್ತೊಂದು ಮಂದಿ ಚಂದಾದಾರರೊಡನೆ ಪ್ರಾರಂಭವಾಯಿತು. ದೂರವಾಣಿಯ ಜಾಲವೂ ಅದರ ಗಣಿತವನ್ನು ಕಟ್ಟಿಕೊಟ್ಟ ವ್ಯಕ್ತಿಯೂ ಹೀಗೆ ಒಂದೇ ತಿಂಗಳಲ್ಲಿ ಲೋಕಕ್ಕೆ ಬಂದದ್ದು ಒಂದು ಸ್ವಾರಸ್ಯದ ಸಂಗತಿ.

ಎರ್ಲಾಂಗನ ತಂದೆ ಹಾನ್ಸ್ ನೀಲ್ಸನ್ ಎರ್ಲಾಂಗ್ ಆ ಹಳ್ಳಿಯ ಶಾಲೆಯ ಉಪಾಧ್ಯಾಯ. ತಾಯಿ ಮಗ್ದಲೀನ್ ಕ್ರಾರುಪ್ ಪಾದ್ರಿಗಳ ಮನೆತನಕ್ಕೆ ಸೇರಿದವಳು. ಆ ಮನೆತನದ ಪೂರ್ವಿಕರಲ್ಲಿ ಥಾಮಸ್ ಫಿಂಕೆ ಎಂಬ ಗಣಿತಜ್ಞನೊಬ್ಬನಿದ್ದನು. ತ್ರಿಕೋನಮಿತಿಯಲ್ಲಿ ನಾವು ಕಲಿಯುವ ಟ್ಯಾಂಜೆಂಟ್, ಸೀಕೆಂಟ್ ಎಂಬ ಹೆಸರುಗಳನ್ನು 1583ರಲ್ಲಿ ಬಳಕೆಗೆ ತಂದವನು ಅವನೇ. ಎರ್ಲಾಂಗನಿಗೆ ಒಬ್ಬ ಅಣ್ಣ, ಇಬ್ಬರು ತಂಗಿಯರು. ಗಲಾಟೆ ಮಾಡದ, ಆಟಪಾಟಗಳಿಗಿಂತ ಪುಸ್ತಕವನ್ನೇ ಹೆಚ್ಚು ಮೆಚ್ಚುವ ಹುಡುಗ ಅವನು. ಸಂಜೆಯ ಹೊತ್ತು ಅಣ್ಣನು ಮೇಜಿನ ಬಳಿ ಕುಳಿತು ಪುಸ್ತಕ ಓದುತ್ತಿದ್ದರೆ, ಎರ್ಲಾಂಗ್ ಎದುರಿಗೆ ಕುಳಿತು ಅದೇ ಪುಸ್ತಕವನ್ನು ತಲೆಕೆಳಗಾಗಿಯೇ ಓದಿ ಮುಗಿಸುತ್ತಿದ್ದನಂತೆ. ಆಕಾಶದ ನಕ್ಷತ್ರಗಳೆಂದರೆ ಅವನಿಗೆ ಬಲು ಪ್ರೀತಿ. ಖಗೋಳವನ್ನು ಕುರಿತು ಅವನು ಬಾಲ್ಯದಲ್ಲಿ ಪದ್ಯಗಳನ್ನೂ ಬರೆದಿದ್ದನು.

ಪ್ರಾರಂಭದ ಶಿಕ್ಷಣವೆಲ್ಲ ತಂದೆಯ ಶಾಲೆಯಲ್ಲಿಯೇ ನಡೆಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಪೂರ್ವಭಾವಿ ಪರೀಕ್ಷೆಗೆ ಕುಳಿತನು. ಅಷ್ಟು ಚಿಕ್ಕ ವಯಸ್ಸಿನವರಿಗೆ ಆ ಪರೀಕ್ಷೆಗೆ ಪ್ರವೇಶವಿರಲಿಲ್ಲವಾದ್ದರಿಂದ ವಿಶೇಷ ಅನುಮತಿ ಪಡೆಯಬೇಕಾಯಿತು. ಅವನು ಉತ್ತಮ ರೀತಿಯಲ್ಲಿ ತೇರ್ಗಡೆ ಹೊಂದಿದನು. ಅನಂತರ ಹಳ್ಳಿಗೆ ಮರಳಿ ಎರಡು ವರ್ಷ ತಂದೆಯ ಶಾಲೆಯಲ್ಲಿ ಸಹಾಯಕ ಉಪಾಧ್ಯಾಯನಾಗಿ ದುಡಿದನು. ಬಿಡುವಿನಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿತನು. ಮುಂದೆ ಹಿಲೆರೋಡ್ ಪಟ್ಟಣದ ಪ್ರೌಢಶಾಲೆಯಲ್ಲಿ ಓದಿ 1896ರಲ್ಲಿ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಉತ್ತೀರ್ಣನಾದನು. ಉಪಾಧ್ಯಾಯನ ಮನೆಯಲ್ಲಿ ಐಶ್ವರ್ಯವೆಲ್ಲಿಂದ ಬರಬೇಕು? ವಿದ್ಯಾರ್ಥಿವೇತನವೂ ರೆಗೆನ್ಸೆನ್ ಎಂಬ ಹಳೆಯ ವಿದ್ಯಾರ್ಥಿನಿಲಯದಲ್ಲಿ ದೊರೆತ ಉಚಿತ ವಸತಿಯೂ ಅವನ ವಿದ್ಯೆಗೆ ಆಸರೆಯಾದವು. ಗಣಿತವನ್ನು ಮುಖ್ಯ ವಿಷಯವಾಗಿಯೂ ಖಗೋಳಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಉಪವಿಷಯಗಳಾಗಿಯೂ ವ್ಯಾಸಂಗ ಮಾಡಿ 1901ರಲ್ಲಿ ಎಂ.ಎ. ಪದವಿಯನ್ನು ಪಡೆದನು.

ಪದವಿ ದೊರೆತ ಮೇಲೆ ಎರ್ಲಾಂಗ್ ತಂದೆಯ ವೃತ್ತಿಯನ್ನೇ ಹಿಡಿದನು. ಸುಮಾರು ಏಳು ವರ್ಷಗಳ ಕಾಲ ಬೇರೆ ಬೇರೆ ಶಾಲೆಗಳಲ್ಲಿ ಪಾಠ ಹೇಳಿದನು. ಆದರೆ ಗಣಿತದ ನಂಟನ್ನು ಮಾತ್ರ ಬಿಡಲಿಲ್ಲ. ಡೆನ್ಮಾರ್ಕಿನ ಗಣಿತ ಸಂಘದ ಸದಸ್ಯನಾಗಿ ಅದರ ಸಭೆಗಳಿಗೆ ಹೋಗುತ್ತಿದ್ದನು. ಅಲ್ಲಿ ಅವನಿಗೆ ಯೋಹಾನ್ ಯೆನ್ಸನ್ ಎಂಬುವನ ಪರಿಚಯವಾಯಿತು. ಯೆನ್ಸನ್ ಕೋಪನ್‌ಹೇಗನ್ ದೂರವಾಣಿ ಕಂಪೆನಿಯ ಮುಖ್ಯ ಇಂಜಿನಿಯರ್. ಬಿಡುವಿನ ವೇಳೆಯಲ್ಲಿ ಗಣಿತವನ್ನು ಅಭ್ಯಾಸ ಮಾಡಿದವನಾದರೂ ಗಣಿತಶಾಸ್ತ್ರದಲ್ಲಿ ಶಾಶ್ವತವಾದ ಹೆಸರು ಗಳಿಸಿದವನು. ಅವನು ಎರ್ಲಾಂಗನನ್ನು ಕಂಪೆನಿಯ ಆಡಳಿತ ನಿರ್ದೇಶಕನಾದ ಫ್ರೆಡ್ರಿಕ್ ಯೋಹಾನ್ಸನ್‌ಗೆ ಪರಿಚಯಿಸಿದನು. ದೂರವಾಣಿಯ ಕೆಲಸಕ್ಕೆ ಗಣಿತವನ್ನು ಅನ್ವಯಿಸಬೇಕೆಂಬ ಹಂಬಲ ಯೋಹಾನ್ಸನ್‌ಗೆ ಬಹಳವಾಗಿತ್ತು. ಆ ಕೆಲಸಕ್ಕೆ ತಕ್ಕವನು ಅವನಿಗೆ ದೊರೆತನು. 1908ರಲ್ಲಿ ಎರ್ಲಾಂಗ್ ಶಾಲೆಯನ್ನು ಬಿಟ್ಟು ಕಂಪೆನಿಯನ್ನು ಸೇರಿದನು. ಅದರ ಪ್ರಯೋಗಾಲಯಕ್ಕೆ ಮುಖ್ಯಸ್ಥನಾದನು.

ಆ ಕಾಲದ ದೂರವಾಣಿಯ ವ್ಯವಸ್ಥೆ ಹೇಗಿದ್ದಿತು ಎಂಬುದನ್ನು ಇಲ್ಲಿ ತಿಳಿದುಕೊಳ್ಳಬೇಕು. ಚಂದಾದಾರರ ಮನೆಗಳಿಂದ ಹೊರಟ ತಂತಿಗಳೆಲ್ಲ ವಿನಿಮಯ ಕೇಂದ್ರಕ್ಕೆ ಬಂದು ಸೇರುತ್ತಿದ್ದವು. ಅಲ್ಲಿ ಕುಳಿತ ಆಪರೇಟರುಗಳು ಕರೆ ಬಂದಾಗ ಒಬ್ಬರ ತಂತಿಯನ್ನು ಇನ್ನೊಬ್ಬರ ತಂತಿಗೆ ಕೈಯಿಂದಲೇ ಜೋಡಿಸುತ್ತಿದ್ದರು. ಒಂದು ಕೇಂದ್ರದಿಂದ ಇನ್ನೊಂದು ಕೇಂದ್ರಕ್ಕೆ ಕೆಲವೇ ತಂತಿಗಳಿರುತ್ತಿದ್ದವು. ಅವೆಲ್ಲವೂ ಬಳಕೆಯಲ್ಲಿದ್ದರೆ ಹೊಸದಾಗಿ ಕರೆ ಮಾಡಿದವನು ಕಾಯಬೇಕು, ಇಲ್ಲವೆ ನಿರಾಶನಾಗಬೇಕು. ಬೆಂಕಿ ಬಿದ್ದ ಮನೆಯವನಿಗೂ ವೈದ್ಯನನ್ನು ಕರೆಯುವವನಿಗೂ ಆ ಕೆಲವು ನಿಮಿಷಗಳೇ ಅಮೂಲ್ಯ. ಹಾಗೆಂದು ಪ್ರತಿಯೊಬ್ಬ ಚಂದಾದಾರನಿಗೂ ಒಂದೊಂದು ತಂತಿಯನ್ನು ಎಳೆಯುತ್ತ ಹೋದರೆ ತಾಮ್ರದ ಬೆಲೆಯೇ ಕಂಪೆನಿಯನ್ನು ಮುಳುಗಿಸುತ್ತಿತ್ತು. ದೂರವಾಣಿ ಶ್ರೀಮಂತರ ಸೊತ್ತಾಗಿಯೇ ಉಳಿಯುತ್ತಿತ್ತು. ಈ ಎರಡು ಕಷ್ಟಗಳ ನಡುವೆ ಸರಿಯಾದ ಅಳತೆ ಯಾವುದು? ಅದುವರೆಗೆ ಇಂಜಿನಿಯರುಗಳು ಅನುಭವವನ್ನು ನಂಬಿ ಅಂದಾಜಿನ ಮೇಲೆ ತಂತಿಗಳನ್ನು ಹಾಕುತ್ತಿದ್ದರು. ಎರ್ಲಾಂಗ್ ಆ ಅಂದಾಜಿನ ಸ್ಥಾನದಲ್ಲಿ ಲೆಕ್ಕವನ್ನು ಕೂರಿಸಲು ಹೊರಟನು.

ಯಾವ ಮನೆಯವರು ಯಾವ ಗಳಿಗೆಯಲ್ಲಿ ಕರೆ ಮಾಡುವರೆಂದು ಯಾರೂ ಹೇಳಲಾರರು. ಆದರೆ ಸಾವಿರಾರು ಮನೆಗಳನ್ನು ಒಟ್ಟಾಗಿ ನೋಡಿದಾಗ ಆ ಅವ್ಯವಸ್ಥೆಯಲ್ಲಿಯೂ ಒಂದು ವ್ಯವಸ್ಥೆ ತೋರುತ್ತದೆ. ಒಂದೊಂದು ಮಳೆಹನಿ ಎಲ್ಲಿ ಬೀಳುವುದೆಂದು ಹೇಳಲಾಗದಿದ್ದರೂ ಮಳೆಯಲ್ಲಿಟ್ಟ ಪಾತ್ರೆಯಲ್ಲಿ ಎಷ್ಟು ನೀರು ನಿಲ್ಲುವುದೆಂದು ಹೇಳಬಹುದಲ್ಲವೆ? ಇದೂ ಹಾಗೆಯೇ. ಒಂದನ್ನೊಂದು ಅವಲಂಬಿಸದೆ ಬರುವ ಕರೆಗಳು ಫ್ರಾನ್ಸಿನ ಗಣಿತಜ್ಞ ಪ್ವಾಸೋನನ ಹೆಸರಿನ ಸಂಭವನೀಯತಾ ನಿಯಮವನ್ನು ಅನುಸರಿಸುತ್ತವೆ ಎಂಬುದನ್ನು ಎರ್ಲಾಂಗ್ 1909ರಲ್ಲಿ ಪ್ರಕಟಿಸಿದ ತನ್ನ ಲೇಖನದಲ್ಲಿ ತೋರಿಸಿಕೊಟ್ಟನು. ಸರಾಸರಿಯಾಗಿ ನಿಮಿಷಕ್ಕೆ ಇಷ್ಟು ಕರೆಗಳೆಂದು ತಿಳಿದರೆ, ಒಂದು ನಿಮಿಷದಲ್ಲಿ ಒಂದೂ ಬಾರದಿರುವ ಸಂಭವವೆಷ್ಟು, ಒಮ್ಮೆಲೇ ಐದು ಬರುವ ಸಂಭವವೆಷ್ಟು ಎಂಬುದನ್ನೆಲ್ಲ ಲೆಕ್ಕ ಹಾಕುವುದು ಇದರಿಂದ ಸಾಧ್ಯವಾಯಿತು.

ಇಷ್ಟರಲ್ಲಿ ಆಪರೇಟರುಗಳ ಕೆಲಸವನ್ನು ಯಂತ್ರಗಳೇ ಮಾಡುವ ಸ್ವಯಂಚಾಲಿತ ವಿನಿಮಯ ಕೇಂದ್ರಗಳು ಬಳಕೆಗೆ ಬರತೊಡಗಿದ್ದವು. ಮನುಷ್ಯರಾದರೆ ಸಮಯ ನೋಡಿ ಹೊಂದಿಸಿಕೊಳ್ಳುತ್ತಾರೆ. ಯಂತ್ರಕ್ಕೆ ಆ ವಿವೇಚನೆಯಿಲ್ಲ. ಅದನ್ನು ಕಟ್ಟುವ ಮೊದಲೇ ಎಲ್ಲವನ್ನೂ ಅಳೆದು ನಿಶ್ಚಯಿಸಬೇಕು. ಎರ್ಲಾಂಗನ ಜೀವಮಾನದ ಮಹತ್ಕೃತಿ ಎನ್ನಬಹುದಾದ ಲೇಖನವು 1917ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವನು ಎರಡು ಮುಖ್ಯ ಸೂತ್ರಗಳನ್ನು ಕೊಟ್ಟನು. ತಂತಿಗಳೆಲ್ಲ ತುಂಬಿರುವಾಗ ಬಂದ ಕರೆ ನಷ್ಟವಾಗುವ ವ್ಯವಸ್ಥೆಯಲ್ಲಿ ಎಷ್ಟು ಕರೆಗಳು ನಷ್ಟವಾಗುತ್ತವೆ ಎಂಬುದನ್ನು ಒಂದು ಸೂತ್ರ ತಿಳಿಸುತ್ತದೆ. ಬಂದ ಕರೆ ಸಾಲಿನಲ್ಲಿ ನಿಂತು ಕಾಯುವ ವ್ಯವಸ್ಥೆಯಲ್ಲಿ ಕಾಯಬೇಕಾಗಿ ಬರುವ ಸಂಭವವೆಷ್ಟು ಎಂಬುದನ್ನು ಇನ್ನೊಂದು ತಿಳಿಸುತ್ತದೆ.

ಈ ಸೂತ್ರಗಳಿಗೆ ಆಧಾರವಾದ ವಿಚಾರ ಬಹು ಸರಳವಾದುದು. ಕೆರೆಗೆ ಒಳಹರಿವೂ ಹೊರಹರಿವೂ ಸಮನಾಗಿದ್ದರೆ ನೀರಿನ ಮಟ್ಟ ಒಂದೇ ಸಮನಾಗಿ ನಿಲ್ಲುತ್ತದೆ. ಅದೇ ರೀತಿ ಬಳಕೆಯಲ್ಲಿರುವ ತಂತಿಗಳ ಸಂಖ್ಯೆ ಮೂರರಿಂದ ನಾಲ್ಕಕ್ಕೆ ಏರುವ ಸಂದರ್ಭಗಳೂ ನಾಲ್ಕರಿಂದ ಮೂರಕ್ಕೆ ಇಳಿಯುವ ಸಂದರ್ಭಗಳೂ ದೀರ್ಘಕಾಲದಲ್ಲಿ ಸಮನಾಗಿರಲೇಬೇಕು. ಹೊಸ ಕರೆ ಬಂದರೆ ಸಂಖ್ಯೆ ಏರುತ್ತದೆ; ಮಾತು ಮುಗಿದರೆ ಇಳಿಯುತ್ತದೆ. ಈ ಸಮತೋಲವನ್ನು ಒಂದು, ಎರಡು, ಮೂರು ಎಂದು ಹಂತಹಂತವಾಗಿ ಬರೆಯುತ್ತ ಹೋದರೆ ಸೂತ್ರವು ತಾನಾಗಿಯೇ ದೊರೆಯುತ್ತದೆ.

ಒಂದು ಉದಾಹರಣೆಯಿಂದ ಇದರ ಪ್ರಯೋಜನವನ್ನು ತಿಳಿಯಬಹುದು. ಒಂದು ಊರಿನಿಂದ ಗಂಟೆಗೆ ಸರಾಸರಿ ಇಪ್ಪತ್ತು ಕರೆಗಳು ಹೊರಡುತ್ತವೆ, ಪ್ರತಿಯೊಂದು ಮಾತುಕತೆಯೂ ಸರಾಸರಿ ಮೂರು ನಿಮಿಷ ನಡೆಯುತ್ತದೆ ಎಂದಿಟ್ಟುಕೊಳ್ಳೋಣ. ಒಟ್ಟು ಅರುವತ್ತು ನಿಮಿಷಗಳ ಮಾತಾಯಿತು. ಒಂದು ತಂತಿ ಒಂದು ಗಂಟೆ ಬಿಡುವಿಲ್ಲದೆ ದುಡಿದರೆ ಸಾಕು ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಕರೆಗಳು ಸರದಿಯಂತೆ ಒಂದಾದ ಮೇಲೊಂದು ಬರುವುದಿಲ್ಲ. ಎರ್ಲಾಂಗನ ಸೂತ್ರದಂತೆ ಲೆಕ್ಕ ಹಾಕಿದರೆ ಒಂದೇ ತಂತಿಯಿದ್ದಾಗ ಅರ್ಧದಷ್ಟು ಕರೆಗಳು ನಷ್ಟವಾಗುತ್ತವೆ! ಎರಡು ತಂತಿಗಳಿದ್ದರೆ ಐದರಲ್ಲಿ ಒಂದು ನಷ್ಟವಾಗುತ್ತದೆ. ನಷ್ಟವು ನೂರಕ್ಕೆ ಒಂದಕ್ಕಿಂತ ಕಡಮೆಯಾಗಬೇಕಾದರೆ ಐದು ತಂತಿಗಳು ಬೇಕು.

ಇಂತಹ ಹತ್ತು ಊರುಗಳಿದ್ದು, ಒಂದೊಂದಕ್ಕೂ ಪ್ರತ್ಯೇಕವಾಗಿ ಐದೈದು ತಂತಿಗಳನ್ನು ಹಾಕಿದರೆ ಒಟ್ಟು ಐವತ್ತು ತಂತಿಗಳಾಗುತ್ತವೆ. ಆ ಹತ್ತೂ ಊರುಗಳ ಕರೆಗಳನ್ನು ಒಂದೆಡೆ ಸೇರಿಸಿ ಎಲ್ಲ ತಂತಿಗಳನ್ನೂ ಎಲ್ಲರಿಗೂ ಸಮಾನವಾಗಿ ತೆರೆದಿಟ್ಟರೆ ಎಷ್ಟು ಬೇಕಾದೀತು? ಅದೇ ಸೂತ್ರ ಹೇಳುವಂತೆ ಹದಿನೆಂಟು ಸಾಕು! ಒಬ್ಬರ ಬಿಡುವು ಇನ್ನೊಬ್ಬರ ಅವಸರಕ್ಕೆ ಒದಗುವುದೇ ಇದಕ್ಕೆ ಕಾರಣ. ಹಂಚಿಕೊಂಡರೆ ಎಲ್ಲರಿಗೂ ಸಾಲುತ್ತದೆ, ಬೇಲಿ ಹಾಕಿಕೊಂಡರೆ ಯಾರಿಗೂ ಸಾಲದು ಎಂಬ ಹಿರಿಯರ ಅನುಭವಕ್ಕೆ ಗಣಿತವೇ ಇಲ್ಲಿ ಸಾಕ್ಷಿ ನುಡಿಯಿತು. ದೊಡ್ಡ ಜಾಲಗಳ ವಿನ್ಯಾಸಕ್ಕೆ ಈ ತತ್ತ್ವವೇ ತಳಹದಿಯಾಯಿತು.

ಎರ್ಲಾಂಗ್ ಕೇವಲ ಕಾಗದದ ಮೇಲಿನ ಪಂಡಿತನಾಗಿರಲಿಲ್ಲ. ನೆಲದಡಿಯಲ್ಲಿ ಹಾಕಿದ ದೂರವಾಣಿ ಕೇಬಲ್ಲುಗಳ ಸೀಸದ ಹೊದಿಕೆಯನ್ನು ದಾರಿತಪ್ಪಿ ಹರಿಯುವ ವಿದ್ಯುತ್ತು ಸವೆಸುತ್ತದೆ. ಅಂತಹ ವಿದ್ಯುತ್ತನ್ನು ಅಳೆಯುವ ಕೆಲಸವೂ ಪ್ರಾರಂಭದಲ್ಲಿ ಅವನ ಪಾಲಿಗೆ ಬಂದಿತು. ಪ್ರಯೋಗಾಲಯದಲ್ಲಿ ಆಗ ಅವನಿಗೆ ಸಹಾಯಕರಿರಲಿಲ್ಲ. ಏಣಿ ಹೊತ್ತ ಕೆಲಸಗಾರನೊಬ್ಬನನ್ನು ಹಿಂದಿಟ್ಟುಕೊಂಡು ಈ ಗಣಿತಜ್ಞನು ಕೋಪನ್‌ಹೇಗನ್ ನಗರದ ಬೀದಿಗಳಲ್ಲಿ ಸಂಚರಿಸುತ್ತಿದ್ದನು. ನೆಲದ ಗುಂಡಿಗಳಿಗೆ ತಾನೇ ಇಳಿದು ಅಳತೆಗಳನ್ನು ಮಾಡುತ್ತಿದ್ದನು. ವಿದ್ಯುತ್ತಿನ ಅಳತೆಗೆ ಬೇಕಾದ ಉಪಕರಣವೊಂದನ್ನೂ ರೂಪಿಸಿದನು. ಲಾಗರಿತಮ್ ಮುಂತಾದ ಗಣಿತ ಕೋಷ್ಟಕಗಳನ್ನು ಸಿದ್ಧಪಡಿಸಿ ಪ್ರಕಟಿಸಿದನು. ಯಾವ ಕೆಲಸವೂ ಅವನಿಗೆ ಕೀಳೆನಿಸಲಿಲ್ಲ.

ಅವನ ಬಾಳು ಅತ್ಯಂತ ಸರಳವಾಗಿದ್ದಿತು. ಅವನು ಮದುವೆಯಾಗಲಿಲ್ಲ. ಹಗಲೆಲ್ಲ ಪ್ರಯೋಗಾಲಯದಲ್ಲಿ ದುಡಿದು, ರಾತ್ರಿ ಬಹಳ ಹೊತ್ತಿನವರೆಗೂ ಅಧ್ಯಯನದಲ್ಲಿ ಮುಳುಗಿರುತ್ತಿದ್ದನು. ಗಣಿತ, ಖಗೋಳ, ಭೌತಶಾಸ್ತ್ರಗಳ ಪುಸ್ತಕಗಳನ್ನು ಕೂಡಿಸಿ ದೊಡ್ಡದೊಂದು ಗ್ರಂಥಭಂಡಾರವನ್ನೇ ಕಟ್ಟಿದ್ದನು. ಇತಿಹಾಸ, ತತ್ತ್ವಶಾಸ್ತ್ರ, ಕಾವ್ಯಗಳಲ್ಲಿಯೂ ಅವನಿಗೆ ಆಸಕ್ತಿಯಿದ್ದಿತು. ಯಾರು ಯಾವ ವಿಷಯ ಕೇಳಿದರೂ ತಿಳಿದುದನ್ನು ಮುಚ್ಚಿಡದೆ ಹೇಳುತ್ತಿದ್ದನು. ಬಡವರು ಸಹಾಯ ಬೇಡಿ ಪ್ರಯೋಗಾಲಯದ ಬಾಗಿಲಿಗೇ ಬರುತ್ತಿದ್ದರು. ಎರ್ಲಾಂಗ್ ಯಾರಿಗೂ ತೋರಗೊಡದೆ ಅವರ ಕೈಯಲ್ಲಿ ಏನನ್ನಾದರೂ ಇಟ್ಟು ಕಳುಹಿಸುತ್ತಿದ್ದನು.

ಅವನ ಲೇಖನಗಳು ಡೇನಿಷ್ ಭಾಷೆಯಲ್ಲಿದ್ದವು. ಬರವಣಿಗೆಯೂ ಬಹಳ ಸಂಕ್ಷಿಪ್ತವಾಗಿದ್ದಿತು. ಆದರೂ ಅವುಗಳ ಬೆಲೆಯನ್ನು ಲೋಕ ಗುರುತಿಸಿತು. ಅವು ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳಿಗೆ ಅನುವಾದಗೊಂಡವು. ಆಗ ಬ್ರಿಟನ್ನಿನ ದೂರವಾಣಿಯನ್ನು ನಡೆಸುತ್ತಿದ್ದ ಅಂಚೆ ಇಲಾಖೆಯು ಅವನ ಸೂತ್ರವನ್ನು ಬಳಕೆಗೆ ತಂದಿತು. ಅವುಗಳನ್ನು ಮೂಲದಲ್ಲಿಯೇ ಓದುವುದಕ್ಕಾಗಿ ಅಮೆರಿಕದ ಸಂಶೋಧಕನೊಬ್ಬನು ಡೇನಿಷ್ ಭಾಷೆಯನ್ನು ಕಲಿತನೆಂದೂ ಹೇಳುತ್ತಾರೆ.

ಕಂಪೆನಿಯಲ್ಲಿ ಇಪ್ಪತ್ತು ವರ್ಷಗಳಷ್ಟು ಕಾಲ ದುಡಿದ ಎರ್ಲಾಂಗ್ ಕಾಯಿಲೆಯ ಕಾರಣದಿಂದ ಒಂದು ದಿನವೂ ರಜೆ ಹಾಕಿದವನಲ್ಲ. 1929ರ ಜನವರಿಯಲ್ಲಿ ಉದರರೋಗದ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆ ಸೇರಿದನು. ಮತ್ತೆ ಮನೆಗೆ ಮರಳಲಿಲ್ಲ. ಕೆಲವೇ ದಿನಗಳಲ್ಲಿ, ಫೆಬ್ರವರಿ 3ರಂದು, ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ದೊಡ್ಡ ಬಿರುದುಗಳಾಗಲಿ ಸಂಪತ್ತಾಗಲಿ ಅವನನ್ನು ಅರಸಿ ಬಂದಿರಲಿಲ್ಲ. ಆದರೆ ಬದುಕಿರುವಾಗ ದೊರೆಯದ ಗೌರವವೊಂದು ಕಾಲಾನಂತರ ಅವನಿಗೆ ದೊರೆಯಿತು. 1946ರಲ್ಲಿ ದೂರವಾಣಿಯ ಅಂತಾರಾಷ್ಟ್ರೀಯ ಸಲಹಾ ಸಮಿತಿಯು ದೂರವಾಣಿಯ ದಟ್ಟಣೆಯನ್ನು ಅಳೆಯುವ ಮಾನಕ್ಕೆ ಎರ್ಲಾಂಗ್ ಎಂದು ಹೆಸರಿಟ್ಟಿತು. ಒಂದು ತಂತಿ ಒಂದು ಗಂಟೆಯ ಕಾಲ ಬಿಡುವಿಲ್ಲದೆ ಬಳಕೆಯಲ್ಲಿದ್ದರೆ ಆ ಗಂಟೆಯ ದಟ್ಟಣೆ ಒಂದು ಎರ್ಲಾಂಗ್. ವೋಲ್ಟ್, ಆಂಪಿಯರ್, ವ್ಯಾಟ್ ಎಂಬ ಮಾನಗಳಂತೆ ಈ ಹೆಸರೂ ಶಾಸ್ತ್ರದಲ್ಲಿ ನಿಂತಿತು.

ಎರ್ಲಾಂಗ್ ಕಂಡಿದ್ದುದು ತಾಮ್ರದ ತಂತಿಗಳ ಜಾಲವನ್ನು. ಇಂದು ಜಗತ್ತನ್ನು ಆವರಿಸಿರುವುದು ರೇಡಿಯೋ ತರಂಗಗಳ ಮೊಬೈಲ್ ಜಾಲ. ನಾಡನ್ನು ಚಿಕ್ಕ ಚಿಕ್ಕ ಕೋಶಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಂದು ಕೇಂದ್ರವನ್ನಿಟ್ಟು, ದೂರದೂರದ ಕೋಶಗಳಲ್ಲಿ ಅದೇ ಕಂಪನಾಂಕಗಳನ್ನು ಮತ್ತೆ ಮತ್ತೆ ಬಳಸಬಹುದೆಂಬ ಯೋಜನೆಯು 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡಿತು. 1979ರಲ್ಲಿ ಜಪಾನಿನ ಟೋಕಿಯೋ ನಗರದಲ್ಲಿಯೂ 1995ರ ಜುಲೈ 31ರಂದು ಭಾರತದಲ್ಲಿಯೂ ಅಂತಹ ಜಾಲಗಳ ಸೇವೆ ಮೊದಲಾಯಿತು. ತಾಮ್ರವನ್ನಾದರೂ ಹಣ ಕೊಟ್ಟು ಕೊಳ್ಳಬಹುದು. ಕಂಪನಾಂಕಗಳನ್ನು ಹೊಸದಾಗಿ ಸೃಷ್ಟಿಸಲು ಸಾಧ್ಯವಿಲ್ಲ. ಆದ್ದರಿಂದ ಹಂಚಿಕೊಳ್ಳುವ ಗಣಿತಕ್ಕೆ ಇಲ್ಲಿ ಇನ್ನೂ ಹೆಚ್ಚಿನ ಬೆಲೆ ಬಂದಿತು. ಕೋಶವನ್ನು ಕಿರಿದು ಮಾಡಿದಷ್ಟೂ ಅದೇ ಕಂಪನಾಂಕಗಳನ್ನು ಹೆಚ್ಚು ಕಡೆ ಬಳಸಬಹುದು. ಆದರೆ ಹತ್ತೂರಿನವರು ಕೂಡಿ ಹಂಚಿಕೊಳ್ಳುವ ಲಾಭ ಅಷ್ಟರಮಟ್ಟಿಗೆ ಕಡಮೆಯಾಗುತ್ತದೆ. ಈ ಎರಡನ್ನೂ ತೂಗಿ, ಒಂದು ಕೋಶಕ್ಕೆ ಮಾತಿನ ಎಷ್ಟು ದಾರಿಗಳು ಬೇಕೆಂದು ನಿರ್ಧರಿಸಲು ಇಂಜಿನಿಯರುಗಳು ನೆಚ್ಚಿದ್ದು 1917ರ ಆ ಸೂತ್ರವನ್ನೇ.

ಮಾತಿನ ಜೊತೆಗೆ ಪುಸ್ತಕ, ಚಿತ್ರ, ಚಲನಚಿತ್ರಗಳೂ ಈ ಜಾಲದಲ್ಲಿ ಹರಿಯತೊಡಗಿದ ಮೇಲೆ ಸಮಸ್ಯೆ ಮತ್ತೊಂದು ರೂಪ ತಾಳಿತು. ಇವುಗಳನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಒಡೆದು ಕಳುಹಿಸುತ್ತಾರೆ. ದಾರಿಯ ಪ್ರತಿ ಕೂಡುನೆಲೆಯಲ್ಲಿಯೂ ಅವು ಸಾಲಿನಲ್ಲಿ ನಿಂತು ಸರದಿಗಾಗಿ ಕಾಯುತ್ತವೆ. ಇಂತಹ ಜಾಲಗಳಿಗೆ ಸರದಿಯ ಸಾಲಿನ ಗಣಿತವನ್ನು 1960ರ ದಶಕದಲ್ಲಿ ಅಮೆರಿಕದ ಲಿಯೊನಾರ್ಡ್ ಕ್ಲೈನ್‌ರಾಕ್ ಅನ್ವಯಿಸಿದನು. ಆದರೆ ಈ ಕಟ್ಟುಗಳು ಮಾತಿನ ಕರೆಗಳಂತೆ ಬಿಡಿಬಿಡಿಯಾಗಿ ಬರದೆ ಗುಂಪುಗುಂಪಾಗಿ ನುಗ್ಗುತ್ತವೆ ಎಂದು 1990ರ ದಶಕದ ಅಳತೆಗಳಿಂದ ತಿಳಿದುಬಂದಿತು. ಆದುದರಿಂದ ಎರ್ಲಾಂಗನ ಸೂತ್ರವನ್ನು ಅದಿದ್ದಂತೆಯೇ ಎಲ್ಲೆಡೆಗೂ ಅನ್ವಯಿಸಲಾಗದು. ಜನರು ಹೆಚ್ಚಾಗಿ ಬಯಸುವ ವಿಷಯಗಳ ಪ್ರತಿಗಳನ್ನು ಅವರಿಗೆ ಸಮೀಪದ ಕೇಂದ್ರಗಳಲ್ಲಿಯೇ ಸಂಗ್ರಹಿಸಿಟ್ಟು, ದೂರದ ದಾರಿಗಳ ಹೊರೆಯನ್ನು ಇಳಿಸುವ ಉಪಾಯವೂ ಬಳಕೆಗೆ ಬಂದಿದೆ. ಊರೂರಿಗೆ ಗ್ರಂಥಾಲಯವಿದ್ದರೆ ಪ್ರತಿಯೊಬ್ಬರೂ ಪುಸ್ತಕಕ್ಕಾಗಿ ರಾಜಧಾನಿಗೆ ಹೋಗಬೇಕಾಗಿಲ್ಲವಷ್ಟೆ. ಉಪಾಯಗಳು ಬದಲಾಗಿವೆ. ಮೊದಲು ಅಳೆಯಬೇಕು, ಅನಂತರ ಲೆಕ್ಕ ಹಾಕಬೇಕು, ಕೊನೆಗೆ ಕಟ್ಟಬೇಕು ಎಂದು ಎರ್ಲಾಂಗ್ ತೋರಿದ ಕ್ರಮ ಮಾತ್ರ ಬದಲಾಗಿಲ್ಲ. ಆಸ್ಪತ್ರೆಯಲ್ಲಿ, ರೈಲು ನಿಲ್ದಾಣದಲ್ಲಿ, ಬ್ಯಾಂಕಿನಲ್ಲಿ ಜನರು ಕಾಯುವ ಹೊತ್ತನ್ನು ಕಡಮೆ ಮಾಡಲು ಕೂಡ ಅವನು ತೊಡಗಿಸಿದ ಗಣಿತವೇ ನೆರವಾಗುತ್ತಿದೆ.

ಹಳ್ಳಿಯ ಶಾಲೆಯಲ್ಲಿ ಕಲಿತು, ಕೆಲಕಾಲ ಅಲ್ಲಿಯೇ ಕಲಿಸಿ, ಸದ್ದಿಲ್ಲದೆ ದುಡಿದ ಮನುಷ್ಯ ಎರ್ಲಾಂಗ್. ಅವನು ಹೊಸ ಯಂತ್ರವೊಂದನ್ನು ಕಂಡುಹಿಡಿದು ಜಗತ್ತನ್ನು ಬೆರಗುಗೊಳಿಸಲಿಲ್ಲ. ಇದ್ದುದನ್ನು ಎಲ್ಲರಿಗೂ ಸಾಲುವಂತೆ ಹಂಚುವ ಬಗೆಯನ್ನು ಕಂಡುಕೊಟ್ಟನು. ಕಾಯುವವನ ಒಂದು ನಿಮಿಷಕ್ಕೂ ಬೆಲೆಯಿದೆ, ವ್ಯರ್ಥವಾಗುವ ಒಂದು ಗಜ ತಂತಿಗೂ ಬೆಲೆಯಿದೆ ಎಂಬುದನ್ನು ಅರಿತು ಎರಡಕ್ಕೂ ನ್ಯಾಯ ದೊರಕಿಸಿದ್ದೇ ಅವನ ಹಿರಿಮೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಎರ್ಲಾಂಗ್ ಎಲ್ಲಿ, ಯಾವಾಗ ಜನಿಸಿದನು?
2. ಎರ್ಲಾಂಗನನ್ನು ದೂರವಾಣಿ ಕಂಪೆನಿಯ ನಿರ್ದೇಶಕನಿಗೆ ಪರಿಚಯಿಸಿದವರು ಯಾರು?
3. ಒಂದು ಎರ್ಲಾಂಗ್ ಎಂದರೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ದೂರವಾಣಿ ಕಂಪೆನಿಗಳನ್ನು ಕಾಡುತ್ತಿದ್ದ ಎರಡು ಕಷ್ಟಗಳು ಯಾವುವು?
2. ಕೆರೆಯ ಹೋಲಿಕೆಯಿಂದ ಎರ್ಲಾಂಗನ ವಿಚಾರವನ್ನು ವಿವರಿಸಿರಿ.
3. ಹತ್ತು ಊರುಗಳಿಗೆ ಐವತ್ತು ತಂತಿಗಳ ಬದಲು ಹದಿನೆಂಟು ಸಾಲುವುದು ಹೇಗೆ?

ಇ) ಎರ್ಲಾಂಗನ ಸ್ವಭಾವವನ್ನು ಪಾಠದಲ್ಲಿ ಬಂದಿರುವ ಸಂಗತಿಗಳ ಆಧಾರದಿಂದ ಹತ್ತು ವಾಕ್ಯಗಳಲ್ಲಿ ಬರೆಯಿರಿ.